ಓಟಿನ ದಿನದ ಗಿರಾಕಿ

ಭುಜದಿಂದ ಬಾಗಿಲು ತಳ್ಳಿಕೊಂಡು ಒಳಗೆ ಬಂದವನನ್ನು ಕನ್ನಡಿಯಲ್ಲಿ ಕಂಡದ್ದೇ ಕ್ಷೌರಿಕನ ಮೈಯೆಲ್ಲ ಉರಿದುಹೋಯಿತು. ಷಡ್ಡಕ! ಹೆಂಡತಿಯ ಅಕ್ಕನ ಗಂಡ, ಹಿಂದಿನ ಬೀದಿಯ ಜವಳಿ ಅಂಗಡಿಯ ಯಜಮಾನ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ. ಬಾಗಿಲು ತೆರೆಯಲೂ ಕೈ ಹೊರಗೆ ತೆಗೆಯದಷ್ಟು ದೌಲತ್ತು.

ಕಳೆದ ಚುನಾವಣೆಯಿಂದ ಇಬ್ಬರಿಗೂ ಮಾತಿರಲಿಲ್ಲ.

"ಕಟಿಂಗು, ಶೇವಿಂಗು," ಎಂದು ಷಡ್ಡಕ ಕುರ್ಚಿಯಲ್ಲಿ ಕುಕ್ಕರಿಸಿದ. "ನಮ್ಮ ಕಡೆಯವನ ಅಂಗಡಿ ಮುಚ್ಚಿದೆ. ಇಲ್ದಿದ್ರೆ ನಿನ್ನ ಮುಖ ಯಾರು ನೋಡ್ತಿದ್ರು?"

ಅದೇನೋ ನಿಜ. ಈ ಬಡಾವಣೆಯಲ್ಲಿ ಕ್ಷೌರಕ್ಕೂ ಪಕ್ಷವಿತ್ತು. ಅವರ ಪಕ್ಷದವರ ಗಡ್ಡ ಬೀದಿಯ ಆ ತುದಿಯಲ್ಲಿ, ಇವರ ಪಕ್ಷದವರದು ಈ ತುದಿಯಲ್ಲಿ. ಆ ತುದಿಯ ಕ್ಷೌರಿಕ ಇವತ್ತು ಕತ್ತರಿ ಬಿಟ್ಟು ಮತಗಟ್ಟೆಯ ಮುಂದೆ ಏಜೆಂಟಾಗಿ ಕೂತಿದ್ದ.

ಹೊರಗೆ ಹೋಗು ಎನ್ನಲು ಬಾಯಿ ತೆರೆದ ಕ್ಷೌರಿಕ ಹಾಗೇ ಮುಚ್ಚಿದ. ಒಂದು ಆಲೋಚನೆ ಹೊಳೆದಿತ್ತು. ಬಿಳಿ ಬಟ್ಟೆಯನ್ನು ಕೊಡವಿ ಷಡ್ಡಕನ ಕೊರಳಿನಿಂದ ಮೊಣಕಾಲಿನವರೆಗೆ ಹೊದಿಸಿ, ಹಿಂದೆ ಬಿಗಿಯಾಗಿ ಗಂಟು ಹಾಕಿದ.

"ಹೊತ್ತು ನೋಡ್ಕೊಂಡು ಕೆಲಸ ಮಾಡು," ಎಂದ ಷಡ್ಡಕ. "ಇವತ್ತು ಓಟಿದೆ."

"ನನ್ನ ಮೇಲೆ ಬಿಡಿ ಭಾವ."

ಷಡ್ಡಕನ ಪಕ್ಷ ಗೆದ್ದರೆ ಬೀದಿ ಅಗಲವಾಗುವುದು ಖಾತ್ರಿ. ಮೊದಲು ಉರುಳುವುದೇ ಈ ಅಂಗಡಿ, ಇದರ ಮೇಲಿನ ಮನೆ. ಇದು ಬಿದ್ದರೆ ಹಿಂದೆ ಅವಿತಿರುವ ಜವಳಿ ಅಂಗಡಿ ಮುಖ್ಯ ರಸ್ತೆಗೆ ಬರುತ್ತದೆ. "ನಿನ್ನ ಗೋಡೆ ಬಿದ್ದ ದಿನ ನಮ್ಮನೇಲಿ ಸಿಹಿ," ಎಂದು ಕಳೆದ ಸಲ ಎಲ್ಲರೆದುರು ಅಂದಿದ್ದ ಮಹಾರಾಯ. ಆಗ ಕ್ಷೌರಿಕನ ಪಕ್ಷ ಗೆದ್ದದ್ದು ಮೂರೇ ಓಟಿನಲ್ಲಿ. ಓಟಿನ ರಜೆಯೆಂದರೆ ಹೊದ್ದು ಮಲಗುವ ಬಡಾವಣೆ ಇದು. ಇಲ್ಲಿ ಒಬ್ಬೊಬ್ಬನ ಓಟಿಗೂ ಜೀವದ ಬೆಲೆ.

ಷಡ್ಡಕ ಮಧ್ಯಾಹ್ನದ ನಿದ್ದೆ ಮುಗಿಸಿಯೇ ಮತಗಟ್ಟೆಗೆ ಹೋಗುವವನು ಎಂಬುದು ಕ್ಷೌರಿಕನಿಗೆ ಗೊತ್ತಿತ್ತು. ಒಂದು ಕಾಲದಲ್ಲಿ ಎರಡೂ ಮನೆಯವರು ಜೊತೆಯಲ್ಲೇ ಹೋಗುತ್ತಿದ್ದರು. ಈಗಲೂ ಮುಖದಲ್ಲಿ ದಿಂಬಿನ ಗೆರೆ ಮಾಸಿರಲಿಲ್ಲ. ಕುರ್ಚಿಯಿಂದ ಏಳದಂತೆ ನೋಡಿಕೊಂಡರೆ ಒಂದು ಓಟು ಮಣ್ಣುಪಾಲು.

ಒಂದೊಂದೇ ಕೂದಲನ್ನು ಎಣಿಸಿದಂತೆ ಕತ್ತರಿಸಿದ. ನೊರೆ ಹಚ್ಚಿದ, ಒರೆಸಿದ, ಮತ್ತೆ ಹಚ್ಚಿದ. ಕತ್ತಿಯನ್ನು ಗಂಟಲ ಮೇಲೆ ಇಟ್ಟು ಬೇಕೆಂದೇ ನಿಂತ.

"ಕೈ ನಡುಗ್ತಿದೆಯಾ?" ಎಂದ ಷಡ್ಡಕ, ಕಣ್ಣು ಮುಚ್ಚಿಕೊಂಡೇ.

"ನಡುಗಿದ್ರೆ ನಿಮಗೇ ನಷ್ಟ."

"ಮೂಗು ತುರಿಸ್ತಿದೆ. ಸ್ವಲ್ಪ ತುರಿಸು."

ಎಲಾ ಇವನ! ಕ್ಷೌರಿಕ ಹಲ್ಲು ಕಚ್ಚಿಕೊಂಡು ಮೂಗು ತುರಿಸಿದ. ದುಡ್ಡಿನ ಮದ ಎಂದರೆ ಇದೇ.

ಮಹಡಿಯಿಂದ ಅವ್ವನ ಕೂಗು ಬಂತು. "ಮಗಾ, ಎಲ್ಲಾರೂ ತಯಾರಾಗಿದೀವಿ. ಯಾವಾಗ ಹೊರಡೋದು?"

"ಇನ್ನೂ ಹೊತ್ತಿದೆ ಅವ್ವಾ!"

ಅಪ್ಪನ ಕಾಲದಿಂದ ಬಂದ ರೂಢಿ. ಮನೆಯ ಯಜಮಾನ ಪಕ್ಷದವರನ್ನೆಲ್ಲ ಮತಗಟ್ಟೆಗೆ ಕಳಿಸಿ, ಕೊನೆಯಲ್ಲಿ ತಾನು ಮುಂದೆ ನಿಂತು ಮನೆಯವರನ್ನು ಕರೆದೊಯ್ಯಬೇಕು. ಅವ್ವ, ಹೆಂಡತಿ, ತಮ್ಮ, ತಮ್ಮನ ಹೆಂಡತಿ. ಅವನು ಕೈ ಹಿಡಿಯದೆ ಅವ್ವ ಹೊಸ್ತಿಲು ದಾಟುವವಳಲ್ಲ, ಅವ್ವ ದಾಟದೆ ಉಳಿದವರು ಅಲುಗುವವರಲ್ಲ.

"ನಿಮ್ಮವ್ವ ಗಟ್ಟಿಮುಟ್ಟಾಗಿದಾರಾ?" ಎಂದ ಷಡ್ಡಕ.

"ನಿಮಗ್ಯಾಕೆ?"

ಕಿಟಕಿಯಾಚೆ, ಬೀದಿಯ ತಿರುವಿನಲ್ಲಿ ಮತಗಟ್ಟೆಯಾಗಿದ್ದ ಶಾಲೆಯ ಗೇಟಿನ ಮುಂದಿನ ಸಾಲು ಕರಗುತ್ತ ಬಂತು. ಇನ್ನು ತಡಮಾಡುವಂತಿರಲಿಲ್ಲ. "ತಲೆ ಬೆಳ್ಳಗಾಗಿದೆ ಭಾವ. ಬಣ್ಣ ಹಚ್ಲಾ?"

"ಹಚ್ಚು."

ಖೆಡ್ಡಾಕ್ಕೆ ತಾನಾಗಿಯೇ ಬಂದು ಬಿದ್ದ! ಶೋಕಿಲಾಲ, ಬಣ್ಣ ಸೋರುವ ತಲೆಯಲ್ಲಿ ಬೀದಿಗೆ ಇಳಿಯುವ ಆಸಾಮಿಯಲ್ಲ. ಕ್ಷೌರಿಕ ಧಾರಾಳವಾಗಿ ಬಳಿದ. "ಒಣಗೋವರೆಗೂ ಅಲ್ಲಾಡ್ಬೇಡಿ. ಈಗ ಬಂದೆ," ಎಂದು ಹಿಂಬಾಗಿಲಿಗೆ ಹೋಗಿ, ಮಹಡಿಯ ಮೆಟ್ಟಿಲ ಮೇಲೆ ಕಾಲಿಟ್ಟ.

"ಅಯ್ಯೋ! ಕಣ್ಣು! ಕಣ್ಣು ಹೋಯ್ತು!"

ಸಾಯಲಿ ಎನಿಸಿತು. ಆದರೆ ಓಟಿನ ದಿನ ಎದುರು ಪಕ್ಷದವನ ಕಣ್ಣು ತೆಗೆದ ಎಂಬ ಸುದ್ದಿ ಹಬ್ಬಿದರೆ? ಅಂಗಡಿ ಕೆಡವಲು ಸರ್ಕಾರವೇ ಬರಬೇಕಾಗಿಲ್ಲ, ಬೀದಿಯವರೇ ಸಾಕು. ಓಡಿ ಬಂದು ಷಡ್ಡಕನ ತಲೆಯನ್ನು ನಲ್ಲಿಯ ಕೆಳಗೆ ಬಗ್ಗಿಸಿದ.

"ಕೈ ತೆಗೆದು ಉಜ್ಜಿಕೊಳ್ಳಿ!"

"ಕೈಗೆಲ್ಲ ಬಣ್ಣ ಮೆತ್ಕೊಳ್ಳುತ್ತೆ! ನೀನೇ ತೊಳಿ!"

ತೊಳೆದ. ಷಡ್ಡಕ ಸಾಲದೆಂದ. ಮತ್ತೆ ತೊಳೆದ. ಇನ್ನೂ ಉರಿ ಎಂದು ಷಡ್ಡಕ ಬೊಬ್ಬಿಟ್ಟ. ಮಹಡಿಯಿಂದ ತಮ್ಮ ಏನೋ ಕೂಗಿದ್ದು ಆ ಗಲಾಟೆಯಲ್ಲಿ ಕೇಳಿಸಲಿಲ್ಲ.

ಅಷ್ಟರಲ್ಲಿ ಪೊಲೀಸಿನವನ ಸೀಟಿ ಉದ್ದಕ್ಕೆ ಕೂಗಿತು. ಶಾಲೆಯ ಗೇಟು ಧಡಾರನೆ ಮುಚ್ಚಿತು.

ಕ್ಷೌರಿಕ ನಲ್ಲಿ ನಿಲ್ಲಿಸಿದ. ಐದು ಓಟು! ಸಂಕಟವೆಲ್ಲ ವಿಷವಾಗಿ ನಾಲಗೆಗೆ ಬಂತು.

"ನಮ್ಮದು ಹೋಯ್ತು, ಹೋಗ್ಲಿ. ನಿಂದೂ ಹೋಯ್ತಲ್ಲ! ಅಷ್ಟು ಸಾಕು ನನಗೆ. ಏಳು ಮೇಲೆ!"

ಷಡ್ಡಕ ನಿಧಾನವಾಗಿ ತಲೆಯೆತ್ತಿದ. ಎರಡೂ ಕಣ್ಣು ಹಾಲಿನಷ್ಟು ಬೆಳ್ಳಗೆ, ಉರಿಯ ಸುಳಿವೇ ಇಲ್ಲ. ಕನ್ನಡಿಯಲ್ಲಿ ಮುಖ ನೋಡಿಕೊಂಡು ತೃಪ್ತಿಯಿಂದ ತಲೆಯಾಡಿಸಿದ.

ಆಮೇಲೆ ಕಿವಿಯ ಮೇಲಿನ ನೀರು ಒರೆಸಿಕೊಳ್ಳಲು ಮೊದಲ ಬಾರಿಗೆ ಎಡಗೈಯನ್ನು ಬಟ್ಟೆಯಡಿಯಿಂದ ಹೊರಗೆ ತೆಗೆದ. ತೋರುಬೆರಳಿನ ಉಗುರಿನ ಮೇಲೆ ಬೆಳಗ್ಗೆಯೇ ಹಚ್ಚಿಸಿಕೊಂಡ ಮತಗಟ್ಟೆಯ ಶಾಯಿ ಒಣಗಿ ಕಪ್ಪಾಗಿತ್ತು.