ನಾಲ್ಕನೆಯ ಒದೆ

"ಮಾತಾಡ್ಬ್ಯಾಡ. ಹಿಂದುಕ್ಕೆ ತಿರುಗಿ ನೋಡ್ಬ್ಯಾಡ," ಎಂದು ಸಪ್ಪಲಮ್ಮ ಎಡಗಾಲು ಎತ್ತಿದಳು. ಗೋಡೆ ಹಿಡಿದು ನಿಂತಿದ್ದ ರಂಜಿತ ಕಣ್ಣು ಮುಚ್ಚಿಕೊಂಡಳು.

"ಒಂದು... ಎಲ್ಡು... ಮೂರು. ಆಯ್ತು, ಹೋಗು."

ಸಪ್ಪಲಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಉಳುಕು ಬಿಡುತ್ತದೆಂದು ರಾಜಘಟ್ಟದ ಅರ್ಧ ಊರು ಆಕೆಯಿಂದ ಒದೆಸಿಕೊಂಡಿದೆ. ಪಂಚಾಯ್ತಿ ಮೆಂಬರೂ ಬೆನ್ನು ಕೊಟ್ಟು ಹೋಗಿದ್ದಾರೆ. ಒದೆ ಎಂದರೂ ಪಾದ ಸವರಿದಷ್ಟೇ.

ರಂಜಿತಳ ಬಲ ಹಿಮ್ಮಡಿಯ ಮೇಲಿನ ನರ ಒಂದು ತಿಂಗಳಿಂದ ಕಾಡುತ್ತಿತ್ತು. ಬೆಳಗ್ಗೆ ಎದ್ದರೆ ಕಾಲು ಮರದ ಕೊರಡು; ಹತ್ತು ಹೆಜ್ಜೆ ಕುಂಟಿದರೆ ಸಡಿಲ. ಸಡಿಲವಾಯಿತಲ್ಲ ಎಂದು ಕೆರೆ ಅಂಗಳದಲ್ಲಿ ದಿನವೂ ಓಡಿದಳು. ಈ ವಾರ ಅಲ್ಲಿ ಹುಣಸೆ ಬೀಜದಷ್ಟು ಗಂಟು ಎದ್ದಿತ್ತು. ಶುಕ್ರವಾರ ಪೊಲೀಸ್ ಕೆಲಸದ ಫಿಸಿಕಲ್: ನಾನೂರು ಮೀಟರ್, ಎರಡು ನಿಮಿಷ. ಮುಂದಿನ ತಿಂಗಳು ವಯಸ್ಸು ಮೀರುತ್ತದೆ, ಇನ್ನೊಂದು ಸಲ ಎಂಬುದಿಲ್ಲ. ಡಾಕ್ಟರ ಹತ್ತಿರ ಹೋದರೆ "ಓಡಬೇಡ" ಅಂದುಬಿಟ್ಟರೆ? ಆ ಭಯಕ್ಕೇ ಹೋಗಿರಲಿಲ್ಲ.

ಜೊತೆಗೆ ಬಂದಿದ್ದ ಗೆಳತಿ ಅರ್ಪಿತ ಕಿಸಕ್ಕನೆ ನಕ್ಕಳು. "ಏನೇ, ಇಲಾಖೆ ಸೇರೋಕ್ ಮುಂಚೇನೇ ಲಾಠಿ ಏಟಿನ ಟ್ರೈನಿಂಗ್ ಆಯ್ತಲ್ಲ!" ಇಡೀ ತಾಲ್ಲೂಕಿನ ಗಂಟಲುಗಳೆಲ್ಲ ಅವಳೊಬ್ಬಳ ಗಂಟಲಲ್ಲಿದ್ದವು. ಎದೆ ಉಬ್ಬಿಸಿ, ಕೋಚ್ ಸಂಜೀವಪ್ಪನವರ ಮೂಗುದನಿ ತೆಗೆದಳು: "ಏಯ್, ಚೆಸ್ಟ್ ನಂಬರ್ ನೂರಾ ಹದಿನಾಲ್ಕು! ನಿದ್ದೆ ಮಾಡ್ತಿದೀಯೇನಮ್ಮಾ? ರೆಡೀ..." ಎರಡು ಬೆರಳು ಬಾಯಿಗಿಟ್ಟು ಥೇಟ್ ಅವರ ಹಾಗೆಯೇ ಸೀಟಿ ಊದಿದಳು.

ರಂಜಿತಳ ಕಾಲು ಅವಳನ್ನು ಕೇಳದೆಯೇ ನೆಲ ತಳ್ಳಿ ನುಗ್ಗಿತು.

ಫಟ್! ಒಣ ಬಿದಿರು ಸೀಳಿದ ಸದ್ದು. ಯಾರೋ ಹಿಂದಿನಿಂದ ಬೂಟುಗಾಲಲ್ಲಿ ಹಿಮ್ಮಡಿಗೆ ಒದ್ದಂತಾಗಿ ರಂಜಿತ ಅಂಗಳದಾಚೆ ಮುಗ್ಗರಿಸಿ ಬಿದ್ದಳು. "ಅಜ್ಜೀ, ಇನ್ನೊಂದ್ ಯಾಕ್ ಒದ್ದೆ?" ಎಂದು ರೇಗಿ ತಿರುಗಿದಳು.

ಸಪ್ಪಲಮ್ಮ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ನಡುವೆ ಇಡೀ ಅಂಗಳ ಖಾಲಿ ಬಿದ್ದಿತ್ತು.

"ನೋವಾ?" ಅರ್ಪಿತ ಓಡಿ ಬಂದು ಕೇಳಿದಳು. ಈಗಿನದು ಅವಳದೇ ದನಿ.

"ಇಲ್ಲ ಕಣೇ... ಹೋಗ್ಬಿಡ್ತು! ನೋವೇ ಇಲ್ಲ!" ರಂಜಿತ ಗೆಳತಿಯ ಭುಜ ಹಿಡಿದು ಎದ್ದು, ತುದಿಗಾಲಲ್ಲಿ ನಿಲ್ಲಲು ನೋಡಿದಳು. ಎಡ ಹಿಮ್ಮಡಿ ಎದ್ದಿತು. ಬಲದ್ದು ಏಳಲಿಲ್ಲ. ಮತ್ತೆ ನೋಡಿದಳು. ಮುಖದ ಮೇಲಿನ ನಗು ಹಾಗೇ ನಿಂತುಹೋಯಿತು. "ಅರ್ಪೀ, ನಾನು ಎತ್ತು ಅಂತಿದೀನಿ. ಅದು ನನ್ ಮಾತೇ ಕೇಳ್ತಿಲ್ಲ."

ಸಪ್ಪಲಮ್ಮ ಬಂದು ಕುಕ್ಕರುಗಾಲಲ್ಲಿ ಕೂತು ಮೀನಖಂಡದಿಂದ ಕೆಳಗೆ ಬೆರಳಾಡಿಸಿದಳು. ನರ ಹಗ್ಗದಂತೆ ಬಿಗಿದಿರಬೇಕಾದ ಕಡೆ ಬೆರಳು ಮೆತ್ತಗೆ ಒಳಗೆ ಇಳಿಯಿತು. ತಟ್ಟನೆ ಕೈ ತೆಗೆದಳು.

"ಅಜ್ಜಿ, ಶುಕ್ರವಾರಕ್ಕೆ ಸರಿ ಹೋಗುತ್ತೆ ಅಲ್ವಾ?"

ಸಪ್ಪಲಮ್ಮ ಮಣ್ಣಿನಲ್ಲೇ ಹಿಂದಕ್ಕೆ ಸರಿದು ಕೂತು, ತನ್ನ ಎರಡೂ ಪಾದಗಳನ್ನು ಸೀರೆಯೊಳಕ್ಕೆ ಎಳೆದುಕೊಂಡಳು.