ತಾನಾಗಿ ನಿಂತ ಕಾರು

ಇಟಲಿಯ ಸಣ್ಣ ಊರೊಂದರ ರೈಲು ನಿಲ್ದಾಣದ ಮುಂದೆ ಬಸಲಿಂಗಪ್ಪ ಮುಕ್ಕಾಲು ಗಂಟೆಯಿಂದ ಬಿಸಿಲಲ್ಲಿ ನಿಂತಿದ್ದ. ಟ್ಯಾಕ್ಸಿಯ ಸುಳಿವೇ ಇರಲಿಲ್ಲ. ಮೆಟ್ಟಿಲಿಳಿಯುವಾಗ ಕಾಲು ಉಳುಕಿಸಿಕೊಂಡಿದ್ದ ಅವನ ತಾಯಿ ಸೂಟ್‌ಕೇಸಿನ ಮೇಲೆ ಕೂತು ನರಳುತ್ತಿದ್ದಳು.

ಆಗ ಕಾರೊಂದು ತಾನಾಗಿ ಬಂದು ನಿಂತಿತು. ನರೆಗೂದಲಿನವನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ ತನ್ನ ಭಾಷೆಯಲ್ಲಿ ಏನೋ ಕೇಳಿದ. ಒಂದಕ್ಷರ ತಿಳಿಯದಿದ್ದರೂ ಬಸಲಿಂಗಪ್ಪ ಜೋರಾಗಿ ತಲೆಯಾಡಿಸಿ, ಹೋಟೆಲಿನ ದಾರಿ ತೋರಿಸುತ್ತಿದ್ದ ಮೊಬೈಲನ್ನು ಮುಂದೆ ಹಿಡಿದ. ಆತನ ಮುಖ ಅರಳಿತು. ಇಳಿದು ಬಂದವನೇ ಮುದುಕಿಯನ್ನು ತೋಳು ಹಿಡಿದು ಒಳಗೆ ಕೂರಿಸಿದ, ಸಾಮಾನನ್ನೂ ಏರಿಸಿದ.

"ಎಂಥಾ ದೇವರಂಥಾ ಮನಷ್ಯಾರೀ!" ಎಂದಳು ಹಿಂದೆಯೇ ಹತ್ತಿ ಕೂತ ಹೆಂಡತಿ ಗಿರಿಜಾ.

ಕಾರು ಗಾಳಿಯ ಹಾಗೆ ಓಡತೊಡಗಿತು. ಬಸಲಿಂಗಪ್ಪ ಹೆಂಡತಿಯ ಕಡೆ ತಿರುಗಿದ.

"ಹಿಂಗ್ಯಾಕ ಓಡಸಾಕತ್ತಾನ? ಎಲ್ಲಿಗೆ ಒಯ್ತಾನೋ ಏನೋ. ಪಾಸ್‌ಪೋರ್ಟಿನ ಚೀಲ ಗಟ್ಟಿ ಹಿಡ್ಕೊ."

ಕಾರು ಸರಿಯಾಗಿ ಹೋಟೆಲಿನ ದೊಡ್ಡ ಬಿಳಿ ಕಟ್ಟಡದೆದುರೇ ನಿಂತಿತು. ಸಂಶಯಪಟ್ಟಿದ್ದಕ್ಕೆ ನಾಚಿದ ಬಸಲಿಂಗಪ್ಪ ಕೈಮುಗಿಯಲು ಹೋದರೆ, ಆತನೇ ಇವನ ಎರಡೂ ಕೈ ಹಿಡಿದುಕೊಂಡು ಕಣ್ತುಂಬಿ ಏನೇನೋ ಹೇಳತೊಡಗಿದ. ಹೋಟೆಲಿನ ಹುಡುಗಿ ಹೊರಗೆ ಬಂದು ಆತನ ಮಾತನ್ನೆಲ್ಲ ಕೇಳಿಸಿಕೊಂಡಳು.

"ಇವರೂ ಈ ಊರಿಗೆ ಹೊಸಬರು. ದಾರಿ ಕೇಳಿದ್ದಕ್ಕೆ ಇಡೀ ಮನೆಮಂದಿಯೇ ಜೊತೆಗೆ ಬಂದಿರಿ, ಈ ಉಪಕಾರ ಮರೆಯುವುದಿಲ್ಲ ಎನ್ನುತ್ತಿದ್ದಾರೆ," ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. "ಇಲ್ಲಿ ಹೆರಿಗೆಗೆ ಸೇರಿಸಿರುವ ಮಗಳಿಗೆ ನೋವು ಶುರುವಾಗಿದೆಯಂತೆ. ಆಸ್ಪತ್ರೆಯ ಬಾಗಿಲು ಯಾವ ಕಡೆಗಿದೆ ಎಂದು ನಿಮ್ಮನ್ನು ಕೇಳುತ್ತಿದ್ದಾರೆ."