ಬಸವಂತಮ್ಮನ ಅಂಗೈ

"ಇನ್ನ ಹತ್ತು ಸಲ ಹಿಸುಕ್ರಿ ಯವ್ವಾ," ಎಂದು ವಾಹಿದಾ ರಬ್ಬರ್ ಚೆಂಡನ್ನು ಬಸವಂತಮ್ಮನ ಎಡಗೈಗೆ ಕೊಟ್ಟಳು.

ಮುರಿದ ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿ ಎಂಟು ದಿನವಾಗಿತ್ತು. ಅಂದಿನಿಂದ ಬಸವಂತಮ್ಮ ಗಂಡನೊಂದಿಗೆ ದಿನವೂ ಜಾಲಹಳ್ಳಿಯಿಂದ ಬಸ್ಸು ಹತ್ತಿ ದೇವದುರ್ಗದ ಈ ಫಿಜಿಯೊಥೆರಪಿ ಕೋಣೆಗೆ ಬರುತ್ತಿದ್ದಳು. ಹಿಡಿತಕ್ಕೆ ಬಲ ಬಂದಿತ್ತು. ಆದರೂ ಆಕೆ ಚೆಂಡು ಹಿಸುಕುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋವು ಅದ ಏನ್ರಿ?" ವಾಹಿದಾಳಿಗೆ ಗಾಬರಿ. ತಾನೆಲ್ಲಿ ತಪ್ಪಿದೆ ಎಂಬ ಯೋಚನೆಯೇ ಅವಳಿಗೆ ಮೊದಲು ಬರುವುದು. "ಇನ್ನೊಂದು ವಾರಕ್ಕ ರೊಟ್ಟಿ ಬಡೀತೀರಿ, ನೋಡ್ರಿ."

"ರೊಟ್ಟಿ ಸೊಸಿ ಬಡೀತಾಳ ತಗೀವಾ," ಎಂದು ಬಸವಂತಮ್ಮ ಮುಖ ತಿರುಗಿಸಿದಳು.

ಬೆಂಚಿನ ಮೇಲಿದ್ದ ಗಂಡ ಶಂಭುಲಿಂಗಪ್ಪ ಬಾಯಿ ಹಾಕಿದ. "ಬಲಕ್ಕೇನು ಕಮ್ಮಿ ಇಲ್ರಿ ಮೇಡಂ. ನಿನ್ನಿ ಅದೇ ಚೆಂಡು ನನ್ನ ತಲಿಗೆ ಒಗದಾಳ. ಅಂಗೈ ಮ್ಯಾಲ ತಿರಗವಲ್ದು, ಅದಕ್ಕ ಅಳಾಕತ್ತಾಳ. ಪೂಜಿಗೆ ಕುಂತಾಗ ಎಡಗೈಯಾಗ ಇಷ್ಟಲಿಂಗ ಹಿಡೀಬೇಕಲ್ರೀ. ಕೈ ಮುರದಾಗಿಂದ ಬಲಗೈಯಾಗ ಹಿಡೀತಾಳ, ಇಬೂತಿ, ಪತ್ರಿ ನಾನ ಏರಸ್ತೀನಿ. ಪೂಜಿ ಮುಗಿಯೂತನಕ ಸುಮ್ನಿದ್ದು, ಆಮ್ಯಾಗ ಅಳ್ತಾಳ."

ವಾಹಿದಾ ಮೇಜಿನ ಮೇಲಿದ್ದ ಕಾರ್ಡು ನೋಡಿದಳು. 'ಕೈಯಿಂದ ಆಗಬೇಕಾದ ಕೆಲಸ' ಎಂಬುದರ ಮುಂದೆ 'ರೊಟ್ಟಿ' ಎಂದಿತ್ತು. ಮೊದಲ ದಿನ ತಾನೇ ಬರೆದದ್ದು. ಕೇಳಿ ಬರೆದಿರಲಿಲ್ಲ.

"ನಂದ ತಪ್ಪಾತ್ರಿ ಯವ್ವಾ," ಎಂದು ಚೆಂಡನ್ನು ತೆಗೆದಿಟ್ಟಳು. "ಎಷ್ಟೊತ್ತು ಹಿಡೀಬೇಕು?"

"ಅರ್ಧ ತಾಸು. ಅಲುಗಾಡಬಾರದು." ಬಸವಂತಮ್ಮ ಎಡಗೈ ನೋಡಿಕೊಳ್ಳುತ್ತ ಕೇಳಿದಳು, "ಪೂರಾ ತಿರಗತದೇನವಾ?"

"ಖರೇ ಹೇಳ್ತೀನಿ, ಗೊತ್ತಿಲ್ರಿ. ಎಂಟು ದಿನ ನಾನ ಹಾಳು ಮಾಡೀನಿ. ಇವತ್ತಿಂದ ಬ್ಯಾರೆ ಮಾಡೂಣು."

ಅಂಗೈ ಎಷ್ಟು ಮೇಲಕ್ಕೆ ತಿರುಗುತ್ತದೆಂದು ನೋಡಲು ಬಾಟಲಿಯ ನೀರನ್ನು ಆಕೆಯ ಎಡ ಅಂಗೈಗೆ ಒಂದಿಷ್ಟು ಹಾಕಿದಳು. ಓರೆಯಾದ ಕೈಯಿಂದ ಅದು ಕಿರುಬೆರಳಗುಂಟ ಸರ್ರನೆ ಇಳಿದು ಸೀರೆ ತೊಯ್ಯಿಸಿತು. ಮೊಣಕೈ ಪಕ್ಕೆಯಿಂದ ಏಳದಂತೆ ನಡುವೆ ಟವೆಲ್ ಸಿಕ್ಕಿಸಿ, ಮುಷ್ಟಿಯಲ್ಲಿ ಉದ್ದನೆಯ ಸೌಟು ಹಿಡಿಸಿ, ಅದನ್ನು ಹೊರಕ್ಕೆ ವಾಲಿಸುವುದನ್ನು ಕಲಿಸಿದಳು. ಬಸವಂತಮ್ಮ ಹಲ್ಲು ಕಚ್ಚಿ ವಾಲಿಸಿದಳು. ಶಂಭುಲಿಂಗಪ್ಪ ಎಣಿಕೆ ತಪ್ಪಿಸಿ ಬೈಸಿಕೊಂಡ. ದಿನದಿನವೂ ನೀರು ಚೆಲ್ಲಿತು, ಆದರೆ ಮೊದಲಿಗಿಂತ ನಿಧಾನವಾಗಿ. ಮನೆಗೆ ಹೋದ ಮೇಲೂ ವಾಹಿದಾಳ ಮನಸ್ಸಿನಲ್ಲಿ ಆ ಓರೆ ಕೈಯೇ.

ಇಪ್ಪತ್ತಮೂರನೆಯ ದಿನ ನೀರು ಅಂಗೈಯಲ್ಲೇ ನಿಂತಿತು.

ವಾಹಿದಾ ನೂರರವರೆಗೆ ಎಣಿಸಿದಳು. "ಆತ್ರಿ ಯವ್ವಾ, ಚೆಲ್ರಿ."

ಬಸವಂತಮ್ಮನಿಗೆ ಅದು ಕೇಳಿಸಲಿಲ್ಲ. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಿದ್ದಳು. ಶಂಭುಲಿಂಗಪ್ಪ ಕಾಲಿನ ಚಪ್ಪಲಿ ಮೆಲ್ಲಗೆ ಕಳಚಿ ಬೆಂಚಿನ ಕೆಳಗೆ ಸರಿಸಿದ.

ಹೊರಗೆ ಏಪ್ರಿಲ್ ಬಿಸಿಲು. ಬಾಗಿಲಲ್ಲಿ ಸರದಿಯವರು ಗೊಣಗುತ್ತಿದ್ದರು. ಫ್ಯಾನಿನ ಗಾಳಿಗೆ ಅಂಗೈಯ ನೀರು ಸಣ್ಣಗೆ ನಡುಗುತ್ತಿತ್ತು.

ವಾಹಿದಾ ಎದ್ದು ಹೋಗಿ ಫ್ಯಾನ್ ಬಂದ್ ಮಾಡಿದಳು.